ಎರಡು ನುಡಿಗಳ ಕಣಿವೆಯಲ್ಲಿ ಮೂರನೆಯವರಾಗಿ

ಇಟಲಿಗೆ ಹೋಗುವವರು ಇಟಾಲಿಯನ್ ಕಲಿತರೆ ಸಾಕು ಎಂಬುದು ಆ ದೇಶದ ಬಹುಪಾಲು ಊರುಗಳ ಮಟ್ಟಿಗೆ ನಿಜವಾದ ಮಾತು. ಆಸ್ಟ್ರಿಯಾದ ಗಡಿಗೆ ಒತ್ತಿಕೊಂಡು ಆಲ್ಪ್ಸ್ ಪರ್ವತಗಳ ದಕ್ಷಿಣ ಮಗ್ಗುಲಿನಲ್ಲಿರುವ ಬೊಲ್ಜಾನೊ ಪ್ರಾಂತ್ಯದ ಮಟ್ಟಿಗೆ ಮಾತ್ರ ಅದು ಅರ್ಧ ಸತ್ಯ. ಇಟಾಲಿಯನ್ನರು ಆಲ್ತೊ ಆದಿಜೆ ಎಂದೂ ಜರ್ಮನ್ ಮಾತನಾಡುವವರು ಜ್ಯೂಟ್‌ಟಿರೋಲ್ ಎಂದೂ ಕರೆಯುವ ಈ ಪ್ರಾಂತ್ಯದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. 2011ರ ಗಣತಿಯಲ್ಲಿ ಅವರಲ್ಲಿ ಜರ್ಮನ್ ಭಾಷಾ ಗುಂಪಿಗೆ ಸೇರಿದವರೆಂದು ಬರೆಸಿಕೊಂಡವರು ಶೇ. 69.4, ಇಟಾಲಿಯನ್ ಗುಂಪಿನವರು ಶೇ. 26, ಗಾರ್ದೇನಾ ಮತ್ತು ಬಾದಿಯಾ ಕಣಿವೆಗಳಲ್ಲಿ ಇಂದಿಗೂ ಉಳಿದುಕೊಂಡಿರುವ ಲಡಿನ್ ಎಂಬ ಪುರಾತನ ನುಡಿಯವರು ಶೇ. 4.5. ಬೊಲ್ಜಾನೊ ನಗರದೊಳಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ನಾಲ್ವರಲ್ಲಿ ಸುಮಾರು ಮೂವರು ಇಟಾಲಿಯನ್ ಭಾಷಿಕರು. ಗಂಡನ ಉದ್ಯೋಗದ ನಿಮಿತ್ತ ಬೆಂಗಳೂರನ್ನು ಬಿಟ್ಟು ಮಗಳೊಂದಿಗೆ ನಾವು ಬಂದು ನೆಲೆಸಿದ್ದು ನಗರದ ಪಕ್ಕದ ಅಪ್ಪಿಯಾನೊದಲ್ಲಿ. ಜರ್ಮನ್ ಭಾಷಿಕರೇ ಬಹುಸಂಖ್ಯಾತರಾಗಿರುವ ಆ ಊರನ್ನು ಅಲ್ಲಿಯವರು ಎಪ್ಪನ್ ಎನ್ನುತ್ತಾರೆ.

ನಾನು ಹುಟ್ಟಿ ಬೆಳೆದದ್ದು ಕಾಸರಗೋಡಿನಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂಬುದು ನಮಗೆ ಯಾರೂ ವಿವರಿಸಿ ಹೇಳಬೇಕಾಗಿರದ ಏರ್ಪಾಡಾಗಿತ್ತು. ಸಪ್ತಭಾಷೆಗಳ ಸಂಗಮಭೂಮಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನೆಲ ಅದು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿಗಳನ್ನು ಭಾಷೆಯ ಆಧಾರದಲ್ಲಿ ಹೊಸದಾಗಿ ಎಳೆದಾಗ ನಮ್ಮ ತಾಲೂಕು ಕೇರಳದ ಪಾಲಾಯಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟರೂ ಆ ಶಿಫಾರಸು ಕಾಗದದಲ್ಲಿಯೇ ಉಳಿಯಿತು. ಆದ್ದರಿಂದ, ಗೆರೆಯೊಂದು ತಮ್ಮನ್ನು ಕೇಳದೆ ತಮ್ಮ ತಲೆಯ ಮೇಲಿಂದ ಹಾದುಹೋಯಿತು ಎಂದು ಇಲ್ಲಿಯ ಹಿರಿಯರು ಹೇಳುವಾಗ, ಆ ಮಾತಿನ ಹಿಂದಿನ ನೋವು ನನಗೆ ಹೊಸದೆನಿಸುವುದಿಲ್ಲ. ಎರಡು ಚರಿತ್ರೆಗಳು ಒಂದೇ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ನಡೆದದ್ದರ ಕ್ರೌರ್ಯ ಬೇರೆಯದೇ ಪ್ರಮಾಣದ್ದು.

ಶತಮಾನಗಳ ಕಾಲ ಟಿರೋಲಿನ ಭಾಗವಾಗಿ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಈ ಪ್ರದೇಶ ಮೊದಲ ಮಹಾಯುದ್ಧದ ನಂತರ, 1919ರ ಸೇಂಟ್ ಜರ್ಮೇನ್ ಒಪ್ಪಂದದ ಮೂಲಕ ಇಟಲಿಗೆ ಹೋಯಿತು. ಮುಸೊಲಿನಿ ಅಧಿಕಾರಕ್ಕೆ ಬಂದ ಮೇಲೆ ಜರ್ಮನ್ ಶಾಲೆಗಳನ್ನು ಮುಚ್ಚಿಸಲಾಯಿತು, ಊರು, ಹೊಳೆ, ಬೆಟ್ಟಗಳಿಗೆಲ್ಲ ಇಟಾಲಿಯನ್ ಹೆಸರುಗಳನ್ನು ಹಚ್ಚಲಾಯಿತು, ಬೊಲ್ಜಾನೊದ ದಕ್ಷಿಣಕ್ಕೆ ಕೈಗಾರಿಕಾ ವಲಯವೊಂದನ್ನು ಕಟ್ಟಿ ದೇಶದ ಇತರ ಭಾಗಗಳಿಂದ ಕಾರ್ಮಿಕರನ್ನು ಕರೆತರಲಾಯಿತು. ಆ ಕಾಲದಲ್ಲಿ ಮಕ್ಕಳಿಗೆ ಜರ್ಮನ್ ಓದು ಬರಹ ಕಲಿಸಲು ರೈತರ ಮನೆಗಳ ಅಟ್ಟಗಳಲ್ಲಿ, ಕೊಟ್ಟಿಗೆಗಳಲ್ಲಿ ಗುಟ್ಟಿನ ಶಾಲೆಗಳು ನಡೆಯುತ್ತಿದ್ದವು. ನೆಲಮಾಳಿಗೆಯ ಸಮಾಧಿಗಳ ನೆನಪಿನಿಂದ ಅವುಗಳಿಗೆ ಕಾಟಕೊಂಬೆ ಶಾಲೆಗಳೆಂದು ಹೆಸರು. ನಮ್ಮ ಮನೆಯ ಒಡತಿಯ ತಾಯಿ ಅಂಥದೊಂದು ಶಾಲೆಯಲ್ಲಿ ಅಕ್ಷರ ಕಲಿತವರು. ಪುಸ್ತಕವನ್ನು ಹಾಲಿನ ಪಾತ್ರೆಯ ಕೆಳಗೆ ಅಡಗಿಸಿಕೊಂಡು ಹೋಗುತ್ತಿದ್ದರಂತೆ. 1939ರಲ್ಲಿ ಹಿಟ್ಲರ್ ಮತ್ತು ಮುಸೊಲಿನಿ ಸೇರಿ ಈ ಜನರ ಮುಂದೆ ಒಂದು ಆಯ್ಕೆಯನ್ನಿಟ್ಟರು: ಒಂದೋ ಜರ್ಮನ್ ಆಗಿ ಉಳಿದು ನೆಲವನ್ನು ಬಿಟ್ಟು ಹೊರಡಬೇಕು, ಇಲ್ಲವೇ ನೆಲದಲ್ಲಿ ಉಳಿದು ನುಡಿಯನ್ನು ಬಿಡಬೇಕು. ಬಹುದೊಡ್ಡ ಪಾಲಿನ ಜನ ಹೊರಡುವುದಾಗಿ ಬರೆದುಕೊಟ್ಟರು; ಯುದ್ಧದ ನಡುವೆ ನಿಜವಾಗಿ ಹೊರಟವರು ಸುಮಾರು 75,000. ಉಳಿಯುತ್ತೇವೆಂದವರಿಗೂ ಹೋಗುತ್ತೇವೆಂದವರಿಗೂ ನಡುವೆ, ಒಂದೇ ಮನೆಯ ಅಣ್ಣತಮ್ಮಂದಿರ ನಡುವೆಯೂ, ಹುಟ್ಟಿದ ಕಹಿ ಒಂದು ತಲೆಮಾರಿನ ಕಾಲ ಆರಲಿಲ್ಲವೆಂದು ಇಲ್ಲಿಯವರು ಹೇಳುತ್ತಾರೆ.

ಯುದ್ಧ ಮುಗಿದ ಮೇಲೆ 1946ರಲ್ಲಿ ಪ್ಯಾರಿಸ್ಸಿನಲ್ಲಿ ಇಟಲಿಯ ದೆ ಗಾಸ್ಪೆರಿ ಮತ್ತು ಆಸ್ಟ್ರಿಯಾದ ಗ್ರೂಬರ್ ಸಹಿ ಮಾಡಿದ ಒಪ್ಪಂದ ಜರ್ಮನ್ ಭಾಷಿಕರಿಗೆ ರಕ್ಷಣೆಯ ಭರವಸೆ ನೀಡಿತು. ಆ ಭರವಸೆ ಕಾನೂನಾಗಿ ಕೈಗೆ ಸಿಗಲು ಇನ್ನೂ ಕಾಲು ಶತಮಾನ ಬೇಕಾಯಿತು. ಅಷ್ಟರಲ್ಲಿ ಜರ್ಮನ್ ಭಾಷಿಕರ ನಾಯಕ ಸಿಲ್ವಿಯುಸ್ ಮಾಗ್ನಾಗೊ ಅವರ ನೇತೃತ್ವದಲ್ಲಿ 1957ರಲ್ಲಿ ಸಿಗ್ಮಂಡ್ಸ್‌ಕ್ರೋನ್ ಕೋಟೆಯಲ್ಲಿ ಸಾವಿರಾರು ಜನ ಸೇರಿದ್ದು, 1961ರ ಜೂನಿನ ಒಂದು ರಾತ್ರಿ ಹತ್ತಾರು ವಿದ್ಯುತ್ ಕಂಬಗಳು ಸ್ಫೋಟಗೊಂಡದ್ದು, ಆಸ್ಟ್ರಿಯಾ ಈ ಪ್ರಶ್ನೆಯನ್ನು ವಿಶ್ವಸಂಸ್ಥೆಗೆ ಒಯ್ದದ್ದು ಎಲ್ಲವೂ ಆಗಿಹೋಗಿದ್ದವು. 1972ರಲ್ಲಿ ಜಾರಿಗೆ ಬಂದ ಎರಡನೆಯ ಸ್ವಾಯತ್ತತಾ ಶಾಸನವೇ ಇಂದು ಇಲ್ಲಿಯ ಬದುಕಿನ ಬುನಾದಿ. ವಲಸೆ ಬಂದವರಿಗೆ ಇಷ್ಟೆಲ್ಲ ಇತಿಹಾಸ ಏಕೆ ಬೇಕು ಎಂದು ಕೇಳಬಹುದು. ಬೇಕು, ಏಕೆಂದರೆ ಇಲ್ಲಿ ಬಸ್ಸಿನ ಫಲಕದಿಂದ ಮಗುವಿನ ಶಾಲೆಯವರೆಗೆ ಪ್ರತಿಯೊಂದು ಸಂಗತಿಯೂ ಈ ಇತಿಹಾಸದಿಂದಲೇ ಆಕಾರ ಪಡೆದಿದೆ. ಅದನ್ನು ತಿಳಿಯದವರಿಗೆ ಇಲ್ಲಿಯ ನಿಯಮಗಳೆಲ್ಲ ಬರೀ ಹಟದಂತೆ ಕಾಣುತ್ತವೆ.

ಬಂದ ಮೊದಲ ದಿನಗಳ ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಯುರೋಪಿಯನ್ ಒಕ್ಕೂಟದ ಹೊರಗಿನವರು ದೇಶಕ್ಕೆ ಬಂದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ತೆರಿಗೆಯ ಸಂಖ್ಯೆ ಪಡೆಯಬೇಕು, ಪುರಸಭೆಯಲ್ಲಿ ನಿವಾಸಿಗಳಾಗಿ ಹೆಸರು ಬರೆಸಬೇಕು. ಇದು ಇಟಲಿಯಲ್ಲೆಲ್ಲ ಒಂದೇ. ಇಲ್ಲಿಯ ವಿಶೇಷವೆಂದರೆ ಪ್ರತಿಯೊಂದು ನಮೂನೆಯೂ ಎರಡು ಭಾಷೆಗಳಲ್ಲಿರುವುದು, ಮತ್ತು ಕಚೇರಿಯ ಮೇಜಿನಾಚೆ ಕುಳಿತವರು ನೀವು ಆರಿಸಿದ ಭಾಷೆಯಲ್ಲಿಯೇ ನಿಮ್ಮೊಡನೆ ವ್ಯವಹರಿಸಬೇಕಾಗಿರುವುದು. ಸರಕಾರಿ ಕೆಲಸ ಬೇಕೆನ್ನುವವರು ಎರಡೂ ಭಾಷೆಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಹುದ್ದೆಗಳನ್ನು ಮೂರು ಭಾಷಾ ಗುಂಪುಗಳ ಜನಸಂಖ್ಯೆಯ ಅನುಪಾತದಲ್ಲಿ ಹಂಚಲಾಗುತ್ತದೆ. ಅಂಚೆ ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ನ್ಯಾಯಾಲಯದಲ್ಲಿ ಜರ್ಮನ್ ಮಾತನಾಡುವ ಅಜ್ಜಿಯೊಬ್ಬರು ತಡವರಿಸದೆ ತಮ್ಮ ಮಾತಿನಲ್ಲಿಯೇ ಕೇಳಿ, ತಮ್ಮ ಮಾತಿನಲ್ಲಿಯೇ ಉತ್ತರ ಪಡೆದು ಹೊರಬರುವುದನ್ನು ಮೊದಲ ಸಲ ಕಂಡಾಗ ನನ್ನ ಕಣ್ಣು ತುಂಬಿದವು. ನಮ್ಮ ಊರಿನ ಕಚೇರಿಗಳಲ್ಲಿ ಕೈಯಲ್ಲಿ ಕನ್ನಡದ ಅರ್ಜಿ ಹಿಡಿದು ಯಾರನ್ನು ಕೇಳಲಿ ಎಂದು ನಿಂತಿರುತ್ತಿದ್ದ ಎಷ್ಟೋ ಮುಖಗಳು ನನ್ನ ನೆನಪಿನಲ್ಲಿವೆ.

ಯಾವ ಭಾಷೆಯನ್ನು ಮೊದಲು ಕಲಿಯಬೇಕು ಎಂಬ ಪ್ರಶ್ನೆಗೆ ಇಲ್ಲಿ ಸುಲಭದ ಉತ್ತರವಿಲ್ಲ. ಸರಕಾರ ಕೇಳುವುದು ಇಟಾಲಿಯನ್ ಅನ್ನು: 2012ರಿಂದ ಹೊಸ ವಲಸಿಗರು ಸಹಿ ಹಾಕಬೇಕಾದ ಏಕೀಕರಣ ಒಪ್ಪಂದ, ಮುಂದೆ ದೀರ್ಘಾವಧಿಯ ಪರವಾನಗಿ, ಇನ್ನೂ ಮುಂದೆ ಪೌರತ್ವ, ಇವೆಲ್ಲಕ್ಕೂ ರೋಮ್ ಪರೀಕ್ಷಿಸುವುದು ಇಟಾಲಿಯನ್ ಜ್ಞಾನವನ್ನೇ. ನಮ್ಮ ಬೀದಿ ಕೇಳುವುದು ಜರ್ಮನ್ ಅನ್ನು. ಅದರಲ್ಲಿಯೂ ತರಗತಿಯಲ್ಲಿ ಕಲಿಸುವ ಶಿಷ್ಟ ಜರ್ಮನ್ ಬೇರೆ, ಬೇಕರಿಯಲ್ಲಿ ಕಿವಿಗೆ ಬೀಳುವ ಟಿರೋಲಿನ ಆಡುಮಾತು ಬೇರೆ. ಇಟಾಲಿಯನ್ ಮನೆಗಳ ಮಕ್ಕಳು ಶಾಲೆಯಲ್ಲಿ ಹತ್ತಾರು ವರ್ಷ ಜರ್ಮನ್ ಓದಿಯೂ ಪಕ್ಕದ ಮನೆಯವರ ಮಾತು ಅರ್ಥವಾಗುವುದಿಲ್ಲವೆಂದು ಹೇಳುವುದನ್ನು ಕೇಳಿದ್ದೇನೆ, ಮತ್ತು ಅದು ನೆಪವಲ್ಲವೆಂದು ಈಗ ಬಲ್ಲೆ. ನಾನು ಮೊದಲು ಜರ್ಮನ್ ಹಿಡಿದೆ, ಗಂಡ ಇಟಾಲಿಯನ್. ಪರೀಕ್ಷೆಯ ದೃಷ್ಟಿಯಿಂದ ಅವರದ್ದೇ ಜಾಣತನದ ದಾರಿ. ಆದರೆ ಸಂಜೆ ಮೆಟ್ಟಿಲ ಬಳಿ ನಿಂತು ಮಾತಾಡುವ ನೆರೆಯವರ ನಡುವೆ ಮೂಕಿಯಾಗಿ ಉಳಿಯಲು ನನಗೆ ಮನಸ್ಸಿರಲಿಲ್ಲ. ವಲಸೆ ಬರುವ ಕನ್ನಡಿಗರು ನನ್ನನ್ನು ಕೇಳಿದರೆ, ನೀವು ಯಾರ ಬಾಗಿಲಿನ ಎದುರು ವಾಸಿಸುತ್ತೀರೋ ಅವರ ಮಾತಿನಿಂದ ಆರಂಭಿಸಿ, ವರ್ಷದೊಳಗೆ ಇನ್ನೊಂದಕ್ಕೂ ಕೈಹಾಕಿ ಎನ್ನುತ್ತೇನೆ. ಒಂದರಲ್ಲಿಯೇ ನಿಂತವರು ಈ ಪ್ರಾಂತ್ಯದ ಅರ್ಧದಲ್ಲಿ ಮಾತ್ರ ಬದುಕುತ್ತಾರೆ. ನಗರವೂ ಹಾಗೆಯೇ ಹಂಚಿಕೊಂಡಿದೆ: ತಾಲ್ವೆರಾ ನದಿಯ ಪೂರ್ವಕ್ಕೆ ಕಮಾನುಗಳ ಹಳೆಯ ಜರ್ಮನ್ ಪೇಟೆ, ಪಶ್ಚಿಮಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಎದ್ದ ಇಟಾಲಿಯನ್ ಬಡಾವಣೆಗಳು.

ತಾಲ್ವೆರಾ ನದಿಯ ಸೇತುವೆಯ ಪಶ್ಚಿಮ ತುದಿಯಲ್ಲಿ 1928ರಲ್ಲಿ ಫ್ಯಾಸಿಸ್ಟರು ಕಟ್ಟಿದ ವಿಜಯ ಸ್ಮಾರಕವಿದೆ. ಜರ್ಮನ್ ಭಾಷಿಕರಿಗೆ ಅದು ದಶಕಗಳ ಕಾಲ ಅವಮಾನದ ಕಲ್ಲಾಗಿತ್ತು, ಅನೇಕ ಇಟಾಲಿಯನ್ನರಿಗೆ ತಮ್ಮ ಅಸ್ತಿತ್ವದ ಗುರುತಾಗಿತ್ತು. ಅದನ್ನು ಕೆಡವಲಿಲ್ಲ, ಹಾಗೆಯೇ ಬಿಡಲೂ ಇಲ್ಲ. 2014ರಲ್ಲಿ ಅದರ ನೆಲಮಾಳಿಗೆಯಲ್ಲಿ ಎರಡು ಸರ್ವಾಧಿಕಾರಗಳ ಕಾಲದ ಚರಿತ್ರೆಯನ್ನು ಹೇಳುವ ಪ್ರದರ್ಶನವೊಂದನ್ನು ತೆರೆದರು. ನ್ಯಾಯಾಲಯದ ಎದುರಿನ ಕಟ್ಟಡದ ಮೇಲೆ ಕುದುರೆಯೇರಿದ ಮುಸೊಲಿನಿಯ ಬೃಹತ್ ಉಬ್ಬುಶಿಲ್ಪ ಈಗಲೂ ಇದೆ. 2017ರಿಂದ ಅದರ ಮೇಲೆ, ವಿಧೇಯರಾಗಿರುವ ಹಕ್ಕು ಯಾರಿಗೂ ಇಲ್ಲ ಎಂಬ ಚಿಂತಕಿ ಹನ್ನಾ ಅರೆಂಟ್ ಅವರ ಮಾತು ಜರ್ಮನ್, ಇಟಾಲಿಯನ್, ಲಡಿನ್ ಮೂರರಲ್ಲಿಯೂ ಬೆಳಕಿನ ಅಕ್ಷರಗಳಲ್ಲಿ ಬೆಳಗುತ್ತದೆ. ಇಬ್ಬರೂ ಸೋಲದಂತೆ ಜಗಳ ತೀರಿಸುವ ಈ ಬಗೆಯನ್ನು ನಾನು ಬೇರೆಲ್ಲಿಯೂ ಇಷ್ಟು ಹತ್ತಿರದಿಂದ ಕಂಡಿರಲಿಲ್ಲ.

ಇನ್ನು ಶಾಲೆಯ ವಿಷಯ. ಇದನ್ನು ಬರೆಯಲೆಂದೇ ಈ ಬರಹಕ್ಕೆ ಕೈಹಾಕಿದೆ. ಇಲ್ಲಿ ಶಿಶುವಿಹಾರದಿಂದಲೇ ಜರ್ಮನ್ ಮತ್ತು ಇಟಾಲಿಯನ್ ಶಾಲೆಗಳು ಬೇರೆ ಬೇರೆ; ಲಡಿನ್ ಕಣಿವೆಗಳ ಶಾಲೆಗಳಲ್ಲಿ ಮಾತ್ರ ಎರಡೂ ಭಾಷೆಗಳಲ್ಲಿ ಸಮಸಮವಾಗಿ ಪಾಠ ನಡೆಯುತ್ತದೆ. ಸ್ವಾಯತ್ತತಾ ಶಾಸನದ 19ನೆಯ ವಿಧಿ ಇದಕ್ಕೆ ಆಧಾರ. ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ಸಿಗಬೇಕೆನ್ನುವುದಷ್ಟೇ ಅಲ್ಲ, ಕಲಿಸುವ ಶಿಕ್ಷಕರಿಗೂ ಅದೇ ಮಾತೃಭಾಷೆಯಾಗಿರಬೇಕೆಂದು ಆ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಎರಡನೆಯ ಭಾಷೆಯನ್ನು ಕಲಿಸುವವರಿಗೂ ಇದೇ ಷರತ್ತು. ಇದನ್ನು ಓದಿದಾಗ ನನಗೆ ನಮ್ಮ ಊರಿನ ಕನ್ನಡ ಮಾಧ್ಯಮ ಶಾಲೆಗಳು ನೆನಪಾದವು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ನಮ್ಮ ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೂ ಕನ್ನಡವೇ ಬಾರದ ಶಿಕ್ಷಕರನ್ನು ಕಾಸರಗೋಡಿನ ಕನ್ನಡ ತರಗತಿಗಳಿಗೆ ನೇಮಿಸಿದಾಗ ಮಕ್ಕಳೂ ಪಾಲಕರೂ ಶಾಲೆಯ ಗೇಟಿನ ಮುಂದೆ ಕುಳಿತು ಪ್ರತಿಭಟಿಸಬೇಕಾಗಿ ಬಂದದ್ದು ಮತ್ತೆ ಮತ್ತೆ ನಡೆದಿದೆ. ಪ್ರಯತ್ನಿಸಬೇಕು ಎನ್ನುವ ಕಾನೂನಿಗೂ ಹೀಗೆಯೇ ಆಗಬೇಕು ಎನ್ನುವ ಕಾನೂನಿಗೂ ನಡುವಿನ ಅಂತರವನ್ನು ನಾನು ನನ್ನ ಊರಿನಿಂದ ಇಲ್ಲಿಯವರೆಗೆ ಕ್ರಮಿಸಿದ್ದೇನೆ. ಮಕ್ಕಳನ್ನು ಭಾಷೆಯ ಪ್ರಕಾರ ಬೇರ್ಪಡಿಸುವುದು ಸಂಕುಚಿತ ಬುದ್ಧಿ ಎನ್ನುವ ವಿದೇಶಿ ಸ್ನೇಹಿತರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ನೂರು ವರ್ಷಗಳ ಹಿಂದೆ ನಿಷೇಧಕ್ಕೊಳಗಾಗಿದ್ದ ನುಡಿ ಇಂದು ಇಷ್ಟು ಗಟ್ಟಿಯಾಗಿ ಬಾಳುತ್ತಿದ್ದರೆ, ಆ ಗೋಡೆಯ ಪಾಲು ಅದರಲ್ಲಿ ದೊಡ್ಡದು.

ಆದರೆ ಅದೇ ಗೋಡೆಯ ಬಳಿ ಈಗ ನನ್ನ ಮಗಳು ನಿಂತಿದ್ದಾಳೆ. ಶಾಲೆಯನ್ನು ಆರಿಸುವ ಸ್ವಾತಂತ್ರ್ಯ ಪಾಲಕರಿಗಿದೆ. ನೆರೆಯ ಮಕ್ಕಳೆಲ್ಲ ಜರ್ಮನ್ ಶಿಶುವಿಹಾರಕ್ಕೆ ಹೋಗುತ್ತಿದ್ದುದರಿಂದ ಅವಳನ್ನೂ ಅಲ್ಲಿಗೇ ಸೇರಿಸಿದೆವು. ತುಳು, ಕನ್ನಡ, ಒಂದಿಷ್ಟು ಇಂಗ್ಲಿಷ್ ಮಾತ್ರ ಗೊತ್ತಿದ್ದ ಮಗು ಮೊದಲ ಚಳಿಗಾಲವನ್ನು ಹೆಚ್ಚುಕಡಿಮೆ ಮೌನವಾಗಿಯೇ ಕಳೆಯಿತು. ಜರ್ಮನ್ ಗೊತ್ತಿಲ್ಲದ ಮಕ್ಕಳು ಜರ್ಮನ್ ಶಾಲೆಗಳಲ್ಲಿ ಹೆಚ್ಚುತ್ತಿದ್ದಾರೆ, ಇದರಿಂದ ಆ ಶಾಲೆಗಳ ಉದ್ದೇಶವೇ ಸಡಿಲವಾಗುತ್ತಿದೆ ಎಂಬ ಆತಂಕವನ್ನು ಇಲ್ಲಿಯ ರಾಜಕಾರಣಿಗಳೂ ಪಾಲಕರೂ ಬಹಿರಂಗವಾಗಿ ಹೇಳುತ್ತಾರೆ. 2024ರಲ್ಲಿ ಬೊಲ್ಜಾನೊದ ಒಂದು ಜರ್ಮನ್ ಪ್ರಾಥಮಿಕ ಶಾಲೆಯಲ್ಲಿ ಭಾಷೆ ಬಾರದ ಮಕ್ಕಳಿಗಾಗಿ ಪ್ರತ್ಯೇಕ ತರಗತಿ ಮಾಡಲು ಹೊರಟದ್ದು ದೊಡ್ಡ ವಿವಾದವಾಗಿ ಆ ಏರ್ಪಾಡನ್ನು ಕೈಬಿಡಬೇಕಾಯಿತು. ಆ ವಾರಗಳಲ್ಲಿ ಪತ್ರಿಕೆಗಳನ್ನು ಓದುತ್ತ ನಾನು ಎರಡು ಕಡೆಗೂ ಎಳೆಯಲ್ಪಡುತ್ತಿದ್ದೆ. ಕಾಸರಗೋಡಿನ ಹುಡುಗಿಯಾಗಿ ಆ ಆತಂಕ ನನಗೆ ಪೂರ್ತಿ ಅರ್ಥವಾಗುತ್ತದೆ. ಒಂದು ತರಗತಿಯಲ್ಲಿ ಮಾಧ್ಯಮದ ಭಾಷೆಯನ್ನು ಬಲ್ಲ ಮಕ್ಕಳು ಕಡಿಮೆಯಾದಾಗ ಮೊದಲು ಸೋಲುವುದು ಆ ಭಾಷೆಯೇ. ತಾಯಿಯಾಗಿ ನನಗೆ ಇನ್ನೊಂದು ಅರ್ಥವಾಗುತ್ತದೆ: ಜರ್ಮನ್ ಬಾರದ ಮಕ್ಕಳನ್ನೆಲ್ಲ ಒಂದೆಡೆ ಕೂರಿಸಿದರೆ ಅವರು ಜರ್ಮನ್ ಕೇಳುವುದು ಒಬ್ಬ ಶಿಕ್ಷಕಿಯ ಬಾಯಿಂದ ಮಾತ್ರ. ನನ್ನ ಮಗಳ ನಾಲಿಗೆ ಬಿಡಿಸಿದ್ದು ಪಾಠವಲ್ಲ, ಜಾರುಬಂಡಿಯ ಸರದಿಗಾಗಿ ಅವಳೊಡನೆ ದಿನವೂ ಕಿತ್ತಾಡುತ್ತಿದ್ದ ಪಕ್ಕದ ತೋಟದ ಮನೆಯ ಹುಡುಗ. ಅವಳು ಮನೆಗೆ ತಂದದ್ದೂ ಅವನ ಆಡುಮಾತನ್ನೇ, ನಾನು ತರಗತಿಯಲ್ಲಿ ಕಲಿತ ಶಿಷ್ಟ ಭಾಷೆಯನ್ನಲ್ಲ. ಪ್ರಾಂತ್ಯದಲ್ಲಿ ಸಂಗ್ರಹವಾಗುವ ತೆರಿಗೆಯ ಹತ್ತು ಪಾಲಿನಲ್ಲಿ ಸುಮಾರು ಒಂಬತ್ತು ಪಾಲು ಪ್ರಾಂತ್ಯಕ್ಕೇ ಉಳಿಯುವ ಈ ಸೀಮೆಯಲ್ಲಿ, ಶಿಶುವಿಹಾರದ ಮಟ್ಟದಲ್ಲಿಯೇ ಭಾಷಾ ಸಹಾಯಕರನ್ನು ಹೆಚ್ಚಿಸುವುದು ಹಣದ ಪ್ರಶ್ನೆಯಾಗಬಾರದು. ಗೋಡೆ ಇರಲಿ, ಬಾಗಿಲು ಮೂರು ವರ್ಷದ ಮಗುವಿನ ಎತ್ತರದಲ್ಲಿರಲಿ ಎಂಬುದು ಪಾಲಕರ ಸಭೆಯಲ್ಲಿ ನಾನು ತಡವರಿಸುವ ಜರ್ಮನ್‌ನಲ್ಲಿ ಹೇಳಿದ ಮಾತು, ಮತ್ತು ಇನ್ನೂ ಹೇಳುತ್ತಿರುವ ಮಾತು.

ನೆರೆಯವರೊಡನೆ ನಿಜವಾದ ಬಳಕೆ ಬೆಳೆದದ್ದು ಮಾತಿಗಿಂತ ಹೆಚ್ಚಾಗಿ ಸೇಬಿನ ತೋಟದಲ್ಲಿ. ಯುರೋಪಿಯನ್ ಒಕ್ಕೂಟದ ಸೇಬುಗಳಲ್ಲಿ ಸುಮಾರು ಹತ್ತನೆಯ ಒಂದು ಭಾಗ ಈ ಪುಟ್ಟ ಪ್ರಾಂತ್ಯದ್ದು, ಮತ್ತು ಅಪ್ಪಿಯಾನೊದ ಕೆಳಗಿನ ಕಣಿವೆಯ ತಳವೆಲ್ಲ ಸೇಬಿನ ಸಾಲುಗಳೇ. ಏಪ್ರಿಲ್ ತಿಂಗಳಲ್ಲಿ ಮರಗಳು ಹೂಬಿಟ್ಟ ಹೊತ್ತಿಗೆ ಕೆಲವು ರಾತ್ರಿ ಶೀತಗಾಳಿ ಇಳಿದು ತಾಪಮಾನ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಒಂದೇ ರಾತ್ರಿಯಲ್ಲಿ ವರ್ಷದ ಬೆಳೆ ಹೋಗಬಹುದು. ಆಗ ರೈತರು ಮಾಡುವ ಕೆಲಸ ನೋಡಿದವರಿಗೆ ವಿಪರೀತವೆನಿಸುತ್ತದೆ: ನಡುರಾತ್ರಿ ತುಂತುರು ನಳಿಕೆಗಳನ್ನು ತೆರೆದು ಹೂಗಳ ಮೇಲೆ ನೀರು ಹಾಯಿಸುತ್ತಾರೆ. ನೀರು ಹೆಪ್ಪುಗಟ್ಟುವಾಗ ತನ್ನೊಳಗಿನ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಹೊಸ ನೀರು ಬೀಳುತ್ತಲೇ, ಹೆಪ್ಪುಗಟ್ಟುತ್ತಲೇ ಇರುವವರೆಗೆ ಮಂಜುಗಡ್ಡೆಯ ಚಿಪ್ಪಿನೊಳಗಿನ ಹೂವಿನ ಉಷ್ಣತೆ ಸೊನ್ನೆಯ ಸುತ್ತ ನಿಲ್ಲುತ್ತದೆ, ಹೂವು ಉಳಿಯುತ್ತದೆ. ನಡುವೆ ನೀರು ನಿಂತರೆ ಆರುವ ತೇವವೇ ಹೂವನ್ನು ಇನ್ನಷ್ಟು ತಣ್ಣಗಾಗಿಸಿ ಕೊಲ್ಲುತ್ತದೆ. ಆದ್ದರಿಂದ ಬೆಳಗಿನ ಬಿಸಿಲಿಗೆ ಮಂಜುಗಡ್ಡೆ ತಾನಾಗಿ ಕರಗಿ ಬೀಳುವವರೆಗೆ ಪಂಪುಗಳ ಬಳಿ ಯಾರಾದರೂ ಎಚ್ಚರವಿರಲೇಬೇಕು. ಅಂಥದೊಂದು ರಾತ್ರಿ ನೆರೆಯವರ ಮನೆಯಲ್ಲಿ ಕೈ ಸಾಲದೆ ನಾವೂ ಟಾರ್ಚ್ ಹಿಡಿದು ಸಾಲುಗಳ ನಡುವೆ ನಡೆದೆವು. ಮಂಜು ಕಟ್ಟಿ ಮುಚ್ಚಿಹೋದ ನಳಿಕೆಯ ಬಾಯನ್ನು ತಟ್ಟಿ ಬಿಡಿಸುವುದು ನಮ್ಮ ಕೆಲಸ. ಕೈಗವಸು ನೆನೆದು ಬೆರಳು ಸೆಟೆದವು. ಬೆಳಿಗ್ಗೆ ಅವರ ಅಡುಗೆಮನೆಯಲ್ಲಿ ಬಿಸಿ ಹಾಲಿನ ಜೊತೆ ಶುಟ್ಟೆಲ್‌ಬ್ರೋಟ್ ಎಂಬ ರೈ ಹಿಟ್ಟಿನ ಗರಿಗರಿ ರೊಟ್ಟಿಯನ್ನು ಮುರಿದುಕೊಟ್ಟರು. ನಮ್ಮ ಉತ್ತರ ಕರ್ನಾಟಕದ ಖಡಕ್ ಜೋಳದ ರೊಟ್ಟಿಯಂತೆಯೇ ತಿಂಗಳುಗಟ್ಟಲೆ ಕೆಡದೆ ಉಳಿಯುವ ರೊಟ್ಟಿ ಅದು. ಅಂದಿನಿಂದ ಅವರು ನಮ್ಮೊಡನೆ ಶಿಷ್ಟ ಭಾಷೆಗೆ ಬದಲಾಯಿಸಿಕೊಳ್ಳುವುದನ್ನು ಬಿಟ್ಟು ತಮ್ಮ ಆಡುಮಾತಿನಲ್ಲಿಯೇ ಮಾತಾಡತೊಡಗಿದರು. ಅರ್ಧ ಅರ್ಥವಾಗದಿದ್ದರೂ ಅದನ್ನು ನಾನು ಗೌರವವೆಂದೇ ತಿಳಿದೆ.

ಆ ತೋಟ ಹಳೆಯ ಟಿರೋಲಿನ ಪದ್ಧತಿಯಂತೆ ಪಾಲಾಗದ ಆಸ್ತಿ. ಮನೆ, ಹೊಲ, ಕಾಡು ಎಲ್ಲವೂ ಒಬ್ಬರೇ ವಾರಸುದಾರರಿಗೆ ಹೋಗುತ್ತದೆ, ಉಳಿದವರಿಗೆ ಹಣದ ರೂಪದಲ್ಲಿ ಪಾಲು. ಫ್ಯಾಸಿಸ್ಟ್ ಆಡಳಿತ ಈ ಕಾನೂನನ್ನು ತೆಗೆದುಹಾಕಿತ್ತು. 1954ರಲ್ಲಿ ಪ್ರಾಂತ್ಯ ತನ್ನದೇ ಶಾಸನದ ಮೂಲಕ ಅದನ್ನು ಮರಳಿ ತಂದಿತು. ಕಡಿದಾದ ಇಳಿಜಾರುಗಳಲ್ಲಿ ಇಂದಿಗೂ ದೀಪ ಹತ್ತುವ ಒಂಟಿ ಮನೆಗಳಿರುವುದಕ್ಕೆ ಇದೂ ಒಂದು ಕಾರಣ. ಹೊರಗಿನಿಂದ ಬಂದವರಿಗೆ ಇಲ್ಲಿ ಮನೆ ಸಿಗುವುದು ಕಷ್ಟ, ಬಾಡಿಗೆ ವಿಪರೀತ ಎಂಬುದೂ ಅಷ್ಟೇ ನಿಜ. ವಾಸಕ್ಕೆ ತಕ್ಕ ನೆಲವೇ ಕಡಿಮೆ ಇರುವಲ್ಲಿ ಪ್ರವಾಸಿಗರೂ ಅದೇ ಮನೆಗಳಿಗೆ ಪೈಪೋಟಿ ನಡೆಸುತ್ತಾರೆ. ಬರುವ ಮೊದಲೇ ಮನೆ ಗೊತ್ತುಮಾಡಿಕೊಳ್ಳದೆ ಹೊರಡಬೇಡಿ ಎಂದು ಬರಲಿರುವವರಿಗೆ ಖಚಿತವಾಗಿ ಹೇಳುತ್ತೇನೆ.

ಮುಂದಿನ ಪ್ರಶ್ನೆ ಪೌರತ್ವದ್ದು. ನಮ್ಮಂಥವರು ಹತ್ತು ವರ್ಷ ಕಾನೂನುಬದ್ಧವಾಗಿ ವಾಸಿಸಿದ ಮೇಲೆ ಇಟಲಿಯ ಪೌರತ್ವಕ್ಕೆ ಅರ್ಜಿ ಹಾಕಬಹುದು. ಭಾರತ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದ್ದರಿಂದ ಅದನ್ನು ಪಡೆಯುವುದೆಂದರೆ ಇದನ್ನು ಬಿಡುವುದು, ಮತ್ತು ಆ ಬಗ್ಗೆ ನಮ್ಮ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ. ಪಡೆದರೆ ಇನ್ನೊಂದು ಹೆಜ್ಜೆ ಉಳಿದಿರುತ್ತದೆ. ಈ ಪ್ರಾಂತ್ಯದಲ್ಲಿ ವಾಸಿಸುವ ವಯಸ್ಕ ಪ್ರಜೆಗಳು ತಾವು ಯಾವ ಭಾಷಾ ಗುಂಪಿನವರೆಂದು ಬರೆದು, ಮುಚ್ಚಿದ ಲಕೋಟೆಯಲ್ಲಿ ಬೊಲ್ಜಾನೊದ ನ್ಯಾಯಾಲಯದಲ್ಲಿಡುತ್ತಾರೆ; ಸರಕಾರಿ ಹುದ್ದೆಗೆ ಆ ಘೋಷಣೆ ಬೇಕೇ ಬೇಕು. ಮೂರರಲ್ಲಿ ಯಾವುದಕ್ಕೂ ಸೇರದವರು ಹಾಗೆಂದು ಬರೆಯಬಹುದು, ಆದರೆ ಅವರೂ ಮೂರರಲ್ಲಿ ಒಂದು ಗುಂಪಿನ ಜೊತೆ ತಮ್ಮನ್ನು ಸೇರಿಸಿಕೊಳ್ಳಬೇಕು. ಎಲ್ಲರನ್ನೂ ಎಣಿಸಿ ಹಂಚುವ ವ್ಯವಸ್ಥೆಯಲ್ಲಿ ಎಣಿಕೆಯ ಹೊರಗೆ ಉಳಿಯಲು ಜಾಗವಿಲ್ಲ. ಇದು ನ್ಯಾಯವೇ ಎಂದು ಗಂಡನೂ ನಾನೂ ಎಷ್ಟೋ ಸಲ ವಾದಿಸಿದ್ದೇವೆ. ಹೊರಗಿನವರನ್ನು ಬಲವಂತವಾಗಿ ಒಂದು ಪೆಟ್ಟಿಗೆಗೆ ಹಾಕುವ ಕ್ರಮವೆಂದು ಅವರು ಹೇಳುತ್ತಾರೆ. ಸಣ್ಣ ಗುಂಪುಗಳು ದೊಡ್ಡ ಸಂಖ್ಯೆಯಲ್ಲಿ ಕರಗಿಹೋಗದಿರಲು ತೆರುವ ಬೆಲೆ ಇದೆಂದೂ, ಅದರಲ್ಲಿ ನಮ್ಮ ಪಾಲನ್ನು ನಾವೂ ತೆರಬೇಕೆಂದೂ ನನ್ನ ನಿಲುವು. ಗಂಡಹೆಂಡಿರು ಬೇರೆ ಬೇರೆ ಗುಂಪುಗಳನ್ನು ಬರೆಯಲು ಯಾವ ಅಡ್ಡಿಯೂ ಇಲ್ಲ. ಹಾಗೊಂದು ದಿನ ಬಂದರೆ ಅವರು ಇಟಾಲಿಯನ್ ಗುಂಪಿನ ಜೊತೆಗೆ, ನಾನು ಜರ್ಮನ್ ಗುಂಪಿನ ಜೊತೆಗೆ ಎಂದು ಸದ್ಯಕ್ಕೆ ಮಾತಾಡಿಕೊಂಡಿದ್ದೇವೆ. ಮಗಳು 18 ತುಂಬಿದ ಮೇಲೆ ತನ್ನದನ್ನು ತಾನೇ ಬರೆಯುತ್ತಾಳೆ.